ಹಳೆ ಡೆಸ್ಕ್‌ಟಾಪ್‌ನ ಮುಂದಿನ ಯುಎಸ್‌ಬಿ ಪೋರ್ಟ್‌ಗಳನ್ನು ಮತ್ತೆ ಕೆಲಸಕ್ಕೆ ಹಚ್ಚುವುದು ಹೇಗೆ

ಹಿಂದಿನ ಪೋರ್ಟ್‌ಗೆ ಹಾಕಿದ ಪೆನ್‌ಡ್ರೈವ್ ತಕ್ಷಣ ತೆರೆದುಕೊಳ್ಳುತ್ತದೆ. ಅದನ್ನೇ ಮುಂದೆ ಹಾಕಿದರೆ ಸದ್ದೇ ಇಲ್ಲ. ಹಳೆ ಡೆಸ್ಕ್‌ಟಾಪ್ ಇಟ್ಟುಕೊಂಡವರಿಗೆ ಇದು ಚೆನ್ನಾಗಿ ಗೊತ್ತಿರುವ ತೊಂದರೆ. ‘ಮುಂದಿನ ಯುಎಸ್‌ಬಿ ಹೋಗಿದೆ’ ಅಂತ ತೀರ್ಮಾನ ಮಾಡಿಕೊಂಡು, ಆಮೇಲೆ ವರ್ಷಗಟ್ಟಲೆ ಟೇಬಲ್ ಕೆಳಗೆ ಬಗ್ಗಿ ಕ್ಯಾಬಿನೆಟ್ ಹಿಂದೆ ಕೈಯಾಡಿಸುತ್ತಾ ಇರುತ್ತಾರೆ. ಬಹಳಷ್ಟು ಸಲ ಅದರ ಅಗತ್ಯವೇ ಇರುವುದಿಲ್ಲ. ಪೋರ್ಟ್ ಚೆನ್ನಾಗಿಯೇ ಇರುತ್ತದೆ, ಮದರ್‌ಬೋರ್ಡೂ (ಕಂಪ್ಯೂಟರ್ ಒಳಗಿನ ಮುಖ್ಯ ಬೋರ್ಡ್) ಚೆನ್ನಾಗಿರುತ್ತದೆ, ಎರಡರ ನಡುವಿನ ದಾರಿಯಲ್ಲಿ ಎಲ್ಲೋ ಒಂದು ಕಡೆ ಸಂಪರ್ಕ ತಪ್ಪಿರುತ್ತದೆ. ಆ ಜಾಗ ಎಲ್ಲಿ ಅಂತ ಹುಡುಕುವುದಷ್ಟೇ ನಮ್ಮ ಕೆಲಸ.

ಹಿಂದಿನ ಪೋರ್ಟ್‌ಗಳನ್ನು ಮದರ್‌ಬೋರ್ಡ್‌ಗೇ ಬೆಸೆದಿರುತ್ತಾರೆ. ಮಧ್ಯೆ ತಂತಿಯೇ ಇಲ್ಲ. ಮುಂದಿನವು ಹಾಗಲ್ಲ, ಅವು ಕ್ಯಾಬಿನೆಟ್‌ನ ಭಾಗ. ಮುಂಭಾಗದ ಪ್ಲಾಸ್ಟಿಕ್ ಹಿಂದೆ ಬೆರಳುದ್ದದ ಒಂದು ಸಣ್ಣ ಬೋರ್ಡ್ ಇರುತ್ತದೆ. ಅದರಿಂದ ಒಂದು ಕೇಬಲ್ ಹೊರಟು ಮದರ್‌ಬೋರ್ಡ್‌ನ ಅಂಚಿನಲ್ಲಿರುವ ಒಂದು ಪಿನ್ ಗುಂಪಿಗೆ ಸೇರುತ್ತದೆ. ಈ ಗುಂಪಿಗೆ ಹೆಡರ್ ಅಂತಾರೆ. ಕ್ಯಾಬಿನೆಟ್ ಮಾಡಿದವರು ಒಬ್ಬರು, ಬೋರ್ಡ್ ಮಾಡಿದವರು ಇನ್ನೊಬ್ಬರು, ಇವೆರಡನ್ನೂ ಜೋಡಿಸಿದವರು ಮತ್ತೊಬ್ಬರು. ಹಾಗಾಗಿ ತಪ್ಪು ನಡೆಯಲು ಇಲ್ಲಿ ಜಾಗ ಜಾಸ್ತಿ. ಕೇಬಲ್ ಹಾಕೋದನ್ನೇ ಮರೆತಿರುವ ಕಂಪ್ಯೂಟರ್‌ಗಳೂ ಇವೆ. ಯಾವಾಗಲೋ ರ‍್ಯಾಮ್ ಬದಲಿಸುವಾಗ ಕೇಬಲ್ ಕಿತ್ತು ಬಂದು, ಯಾರ ಕಣ್ಣಿಗೂ ಬೀಳದೆ ಹಾಗೇ ನೇತಾಡುತ್ತಿರುವುದೂ ಉಂಟು.

ಡಬ್ಬ ಬಿಚ್ಚುವ ಮುಂಚೆ

ಸ್ಕ್ರೂಡ್ರೈವರ್ ಕೈಗೆ ತೆಗೆದುಕೊಳ್ಳುವ ಮೊದಲು ಒಂದಿಷ್ಟು ಪರೀಕ್ಷೆ ಮಾಡಿ. ಯುಎಸ್‌ಬಿ 2.0 ಪೋರ್ಟ್‌ನಲ್ಲಿ ಇರುವುದು ನಾಲ್ಕೇ ತಂತಿ. ಕೆಂಪು ತಂತಿ 5 ವೋಲ್ಟ್, ಕಪ್ಪು ಗ್ರೌಂಡ್ (ಕರೆಂಟ್ ವಾಪಸ್ ಹೋಗುವ ದಾರಿ), ಬಿಳಿ ಡೇಟಾ ಮೈನಸ್, ಹಸಿರು ಡೇಟಾ ಪ್ಲಸ್. ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಲೈಟ್ ಇರುವ ಪೆನ್‌ಡ್ರೈವ್ ಇಲ್ಲವೇ ಕೆಳಗಡೆ ಕೆಂಪು ಬೆಳಕು ಬರುವ ಮೌಸ್ ತೆಗೆದುಕೊಂಡು ಮುಂದಿನ ಪೋರ್ಟ್‌ಗೆ ಹಾಕಿ. ಲೈಟೇ ಬರಲಿಲ್ಲ ಅಂದರೆ ಕರೆಂಟ್ ಬರುತ್ತಿಲ್ಲ. ಕೇಬಲ್ ಹಾಕಿಲ್ಲ, ಫ್ಯೂಸ್ ಹೋಗಿದೆ, ಜಂಪರ್ (ಬೋರ್ಡ್ ಮೇಲೆ ಎರಡು ಪಿನ್ ಜೋಡಿಸುವ ಪುಟ್ಟ ಟೊಪ್ಪಿ) ಸರಿಯಿಲ್ಲ, ಇಲ್ಲವೇ ಬಯೋಸ್‌ನಲ್ಲಿ, ಅಂದರೆ ವಿಂಡೋಸ್‌ಗೂ ಮೊದಲು ಓಡುವ ಬೋರ್ಡ್‌ನದೇ ಸೆಟ್ಟಿಂಗ್‌ಗಳಲ್ಲಿ, ಪೋರ್ಟನ್ನೇ ಆಫ್ ಮಾಡಿದ್ದಾರೆ. ಲೈಟ್ ಬಂತು, ಆದರೆ ಕಂಪ್ಯೂಟರ್ ಗುರುತಿಸಲಿಲ್ಲ, ಅಥವಾ ‘ಯುಎಸ್‌ಬಿ ಡಿವೈಸ್ ನಾಟ್ ರೆಕಗ್ನೈಸ್ಡ್’ ಅಂತ ಹೇಳಿತು ಅಂದರೆ ಕರೆಂಟ್ ಸರಿಯಿದೆ, ಡೇಟಾ ತಂತಿಗಳಲ್ಲಿ ತೊಂದರೆ. ಮೂರನೆಯದು ತುಂಬಾ ಜನರನ್ನು ದಾರಿ ತಪ್ಪಿಸುತ್ತದೆ: ಮೌಸ್, ಕೀಬೋರ್ಡ್ ಕೆಲಸ ಮಾಡುತ್ತವೆ, ಪೆನ್‌ಡ್ರೈವ್ ಮತ್ತು ಹಾರ್ಡ್‌ಡಿಸ್ಕ್ ಮಾತ್ರ ಮಾಡಲ್ಲ. ಇದಕ್ಕೆ ಕಾರಣ ಬೇರೆ, ಮುಂದೆ ಬರುತ್ತದೆ.

ಒಂದು ಟಾರ್ಚ್ ಹಿಡಿದು ಪೋರ್ಟ್ ಒಳಗೂ ನೋಡಿ. ಒಳಗಿನ ಪ್ಲಾಸ್ಟಿಕ್ ಪಟ್ಟಿಯ ಮೇಲೆ ನಾಲ್ಕು ಲೋಹದ ಗೆರೆಗಳು ನೆಟ್ಟಗೆ, ಒಂದಕ್ಕೊಂದು ತಾಗದೆ ಇರಬೇಕು. ಪಟ್ಟಿ ಮುರಿದಿದ್ದರೆ, ಗೆರೆ ಬಾಗಿ ಪಕ್ಕದ್ದಕ್ಕೋ ಹೊರಗಿನ ಕವಚಕ್ಕೋ ತಾಗುತ್ತಿದ್ದರೆ ಆ ಪೋರ್ಟ್ ಅನ್ನು ಬಳಸಲೇಬೇಡಿ. 5 ವೋಲ್ಟ್ ಗೆರೆ ಕವಚಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ. ಕೆಲವು ಬೋರ್ಡ್‌ಗಳು ಆಗ ‘ಓವರ್ ಕರೆಂಟ್’ ಅಂತ ಸಂದೇಶ ತೋರಿಸಿ, 15 ಸೆಕೆಂಡ್ ಎಣಿಸಿ ತಾವಾಗಿಯೇ ಆಫ್ ಆಗುತ್ತವೆ. ಕಂಪ್ಯೂಟರ್ ಆನ್ ಆಗಿ ಆಫ್ ಆಗುತ್ತಿದೆ ಅಂತ ಪವರ್ ಸಪ್ಲೈ ಬದಲಿಸಿದವರಿದ್ದಾರೆ, ಅಸಲಿಗೆ ಕಾರಣ ಮುಂದೆ ಬಾಗಿದ ಒಂದು ಗೆರೆ. ಧೂಳು ತುಂಬಿದ್ದರೆ ಕಂಪ್ಯೂಟರ್ ಆಫ್ ಮಾಡಿ ಒಣ ಬ್ರಶ್‌ನಿಂದ ತೆಗೆಯಿರಿ, ಪಿನ್ನು ಸೂಜಿ ಹಾಕಿ ಕೆರೆಯಬೇಡಿ.

ಇನ್ನು ಬಯೋಸ್. ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತಿ ಒಳಗೆ ಹೋಗಿ, ಕೆಲವದರಲ್ಲಿ ಎಫ್10. ‘ಆನ್‌ಬೋರ್ಡ್ ಡಿವೈಸಸ್’, ‘ಇಂಟಿಗ್ರೇಟೆಡ್ ಪೆರಿಫೆರಲ್ಸ್’ ಇಂಥ ಹೆಸರಿನ ಪುಟದಲ್ಲಿ ಯುಎಸ್‌ಬಿ ಕಂಟ್ರೋಲರ್ ಸೆಟ್ಟಿಂಗ್ ಇರುತ್ತದೆ. ‘ಯುಎಸ್‌ಬಿ 2.0 ಕಂಟ್ರೋಲರ್’ ಅಂತ ಬೇರೆ ಸಾಲು ಇದ್ದರೆ ಅದೂ ಎನೇಬಲ್ ಆಗಿರಬೇಕು. ಆಫೀಸುಗಳಲ್ಲಿ ಬಳಸಿ ಆಮೇಲೆ ಸೆಕೆಂಡ್ ಹ್ಯಾಂಡ್ ಆಗಿ ಬಂದ ಕಂಪ್ಯೂಟರ್ ನಿಮ್ಮದಾಗಿದ್ದರೆ ಇದನ್ನು ಖಂಡಿತ ನೋಡಿ. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಕಂಪನಿಯ ಆಫೀಸ್ ಮಾಡೆಲ್‌ಗಳಂಥವುಗಳಲ್ಲಿ ಮುಂದಿನ ಪೋರ್ಟ್‌ಗಳನ್ನಷ್ಟೇ ಆಫ್ ಮಾಡುವ ಸೌಲಭ್ಯ ಇರುತ್ತದೆ. ಯಾರೂ ಪೆನ್‌ಡ್ರೈವ್ ಹಾಕಿ ಡೇಟಾ ತೆಗೆದುಕೊಂಡು ಹೋಗಬಾರದು ಅಂತ ಅಲ್ಲಿಯ ಐಟಿಯವರು ಅದನ್ನು ಆಫ್ ಮಾಡಿರುತ್ತಾರೆ, ಕಂಪ್ಯೂಟರ್ ಮಾರುವಾಗ ಮತ್ತೆ ಆನ್ ಮಾಡಲು ಯಾರಿಗೂ ನೆನಪಿರುವುದಿಲ್ಲ. ಇಂಥ ಪೋರ್ಟ್‌ಗೆ ಬೇಕಿರುವುದು ಒಂದು ಎನೇಬಲ್ ಅಷ್ಟೇ.

ವಿಂಡೋಸ್‌ನಲ್ಲಿ ನೋಡಬೇಕಾದ್ದು ಸ್ವಲ್ಪವೇ. ಹಿಂದಿನ ಪೋರ್ಟ್ ಚೆನ್ನಾಗಿ ಕೆಲಸ ಮಾಡುತ್ತಿದ್ದು ಮುಂದಿನದು ಮಾತ್ರ ಮಾಡುತ್ತಿಲ್ಲ ಅಂದರೆ ಡ್ರೈವರ್ ಮೇಲೆ ಅನುಮಾನ ಪಡುವುದು ಸಾಮಾನ್ಯವಾಗಿ ವ್ಯರ್ಥ. ಆದರೂ ಡಿವೈಸ್ ಮ್ಯಾನೇಜರ್ ತೆರೆದು ಯುಎಸ್‌ಬಿ ಪಟ್ಟಿಯಲ್ಲಿ ಹಳದಿ ಗುರುತು ಇದೆಯಾ ನೋಡಿ. ‘ಯುಎಸ್‌ಬಿ ರೂಟ್ ಹಬ್’ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಟಿಕ್ ತೆಗೆಯಿರಿ. ಸ್ವಲ್ಪ ಹೊತ್ತು ಕೆಲಸ ಮಾಡಿ ಆಮೇಲೆ ಮಲಗಿಬಿಡುವ ಪೋರ್ಟ್‌ಗೆ ಇದು ಉಪಯೋಗಕ್ಕೆ ಬರುತ್ತದೆ. ಪಟ್ಟಿಯಲ್ಲಿರುವ ಕಂಟ್ರೋಲರ್‌ಗಳನ್ನೆಲ್ಲ ಅನ್‌ಇನ್‌ಸ್ಟಾಲ್ ಮಾಡಿ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ಅದು ಒಮ್ಮೊಮ್ಮೆ ಕೆಲಸ ಮಾಡುತ್ತದೆ, ಆದರೆ ನಿಮ್ಮ ಕೀಬೋರ್ಡ್, ಮೌಸ್ ಎರಡೂ ಯುಎಸ್‌ಬಿ ಆಗಿದ್ದರೆ ಅರ್ಧದಲ್ಲೇ ಅವು ಸ್ತಬ್ಧವಾಗುತ್ತವೆ, ಪವರ್ ಬಟನ್ ಒತ್ತಿ ರೀಸ್ಟಾರ್ಟ್ ಮಾಡಬೇಕಾಗುತ್ತದೆ.

ಲಿನಕ್ಸ್ ಇದ್ದರೆ ಕೆಲಸ ಸುಲಭ. ಟರ್ಮಿನಲ್‌ನಲ್ಲಿ ಡಿಮೆಸ್ಗ್ (dmesg) ಅನ್ನುವ ಕಮಾಂಡ್ ಓಡಿಸಿ ಕೊನೆಯ ಸಾಲುಗಳನ್ನು ಓದಿ. ಪೋರ್ಟ್‌ಗೆ ಏನಾದರೂ ಹಾಕಿದಾಗ ಒಂದೂ ಹೊಸ ಸಾಲು ಬರದಿದ್ದರೆ ಸಂಪರ್ಕವೇ ಇಲ್ಲ ಅಂತ. ‘ಓವರ್ ಕರೆಂಟ್’ ಅಂತ ಬಂದರೆ ಶಾರ್ಟ್. ‘ಡಿವೈಸ್ ಡಿಸ್ಕ್ರಿಪ್ಟರ್ ರೀಡ್’ ಜೊತೆ ಮೈನಸ್ 71 ಅನ್ನುವ ಎರರ್ ಬಂದರೆ, ಯಾವುದೋ ವಸ್ತು ಬಂದಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾಗಿದೆ, ಆದರೆ ಅದರ ಮಾತು ಸರಿಯಾಗಿ ತಲುಪುತ್ತಿಲ್ಲ. ತಂತಿ ನೋಡಬೇಕು.

ಒಂಬತ್ತು ಪಿನ್‌ಗಳ ಲೆಕ್ಕ

ಈಗ ಡಬ್ಬ ಬಿಚ್ಚೋಣ. ಶಟ್‌ಡೌನ್ ಮಾಡಿದರೆ ಸಾಲದು, ಗೋಡೆಯ ಪ್ಲಗ್ ತೆಗೆಯಲೇಬೇಕು. ಕಂಪ್ಯೂಟರ್ ಆಫ್ ಆಗಿದ್ದರೂ ಪವರ್ ಸಪ್ಲೈಯಿಂದ ಸ್ಟ್ಯಾಂಡ್‌ಬೈ 5 ವೋಲ್ಟ್ ಬೋರ್ಡ್‌ಗೆ ಬರುತ್ತಲೇ ಇರುತ್ತದೆ. ಬಹಳ ಬೋರ್ಡ್‌ಗಳಲ್ಲಿ ಅದೇ 5 ವೋಲ್ಟ್ ಯುಎಸ್‌ಬಿ ಹೆಡರ್‌ಗೂ ಹೋಗುತ್ತದೆ. ಕಂಪ್ಯೂಟರ್ ಆಫ್ ಇದ್ದಾಗಲೂ ಮೌಸ್ ಕೆಳಗೆ ಬೆಳಕು ಕಾಣುವುದು ಅದಕ್ಕೇ. ಪ್ಲಗ್ ತೆಗೆದ ಮೇಲೆ ಪವರ್ ಬಟನ್ ಕೆಲವು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಖಾಲಿಯಾಗುತ್ತದೆ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹವನ್ನು ಒಮ್ಮೆ ಮುಟ್ಟಿ ಆಮೇಲೆ ಕೈ ಹಾಕಿ.

ಮುಂಭಾಗದಿಂದ ಬರುವ ಕೇಬಲ್‌ಗಳಲ್ಲಿ ‘ಯುಎಸ್‌ಬಿ’ ಅಂತ ಬರೆದಿರುವುದನ್ನು ಹುಡುಕಿ. ಎಲ್ಲಿಗೂ ಸೇರದೆ ನೇತಾಡುತ್ತಿದ್ದರೆ ನಿಮ್ಮ ಕೆಲಸ ಮುಕ್ಕಾಲು ಮುಗಿದ ಹಾಗೆ. ಸೇರಿದ್ದರೂ ಒಮ್ಮೆ ನೆಟ್ಟಗೆ ಮೇಲಕ್ಕೆ ಎಳೆದು ತೆಗೆದು, ಪಿನ್ ಬಾಗಿಲ್ಲ ಅಂತ ನೋಡಿ, ಮತ್ತೆ ಪೂರ್ತಿ ಕೆಳಗಿನವರೆಗೂ ಒತ್ತಿ. ಹೆಡರ್ ಸಾಮಾನ್ಯವಾಗಿ ಬೋರ್ಡ್‌ನ ಕೆಳ ಅಂಚಿನಲ್ಲಿರುತ್ತದೆ, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಯುಎಸ್‌ಬಿ’, ‘ಜೆಯುಎಸ್‌ಬಿ’, ‘ಎಫ್ ಯುಎಸ್‌ಬಿ’ ಅಂತ ಏನಾದರೊಂದು ಅಚ್ಚಾಗಿರುತ್ತದೆ. ಆ ಅಕ್ಷರ ಓದಲು ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದು ಒಳ್ಳೆಯದು.

ಹೆಡರ್‌ನಲ್ಲಿ ಎರಡು ಸಾಲು. ಒಂದರಲ್ಲಿ ಐದು ಪಿನ್, ಇನ್ನೊಂದರಲ್ಲಿ ನಾಲ್ಕು. ಪ್ರತಿ ಸಾಲೂ ಒಂದೊಂದು ಪೋರ್ಟ್‌ಗೆ. ಬೆಸಸಂಖ್ಯೆಯ ಸಾಲಿನಲ್ಲಿ 1ನೆಯದು 5 ವೋಲ್ಟ್, 3 ಡೇಟಾ ಮೈನಸ್, 5 ಡೇಟಾ ಪ್ಲಸ್, 7 ಗ್ರೌಂಡ್. 9ನೇ ಜಾಗದಲ್ಲಿ ಪಿನ್ ಇಲ್ಲ. ಎದುರು ಸಾಲಿನಲ್ಲಿ 2, 4, 6, 8 ಇದೇ ಕ್ರಮದಲ್ಲಿ, ಮತ್ತು 10ನೆಯದಕ್ಕೆ ಸಾಮಾನ್ಯವಾಗಿ ಏನೂ ಕೆಲಸವಿಲ್ಲ. ಇಷ್ಟೂ ನೆನಪಿಡುವುದು ಬೇಡ. ಪಿನ್ ಇಲ್ಲದ ಖಾಲಿ ಜಾಗ ಇರುವ ಕಡೆ ಕಪ್ಪು ತಂತಿ, ಅದರ ವಿರುದ್ಧ ತುದಿಯಲ್ಲಿ ಕೆಂಪು. ಇದೊಂದು ಗೊತ್ತಿದ್ದರೆ ಸಾಕು. ಕೆಂಪು, ಬಿಳಿ, ಹಸಿರು, ಕಪ್ಪು: ಪೋರ್ಟ್ ಒಳಗಿನ ನಾಲ್ಕು ಗೆರೆಗಳ ಕ್ರಮವೂ ಇದೇ.

ಕೇಬಲ್ ತುದಿಯಲ್ಲಿ ಒಂಬತ್ತು ತೂತಿನ ಒಂದೇ ಕನೆಕ್ಟರ್ ಇದ್ದರೆ ಪಿನ್ ಇಲ್ಲದ ಆ 9ನೇ ಜಾಗದ ತೂತು ಮುಚ್ಚಿರುತ್ತದೆ, ಹಾಗಾಗಿ ಉಲ್ಟಾ ಹಾಕಲು ಆಗುವುದಿಲ್ಲ. ಹಳೆಯ ಕ್ಯಾಬಿನೆಟ್‌ಗಳಲ್ಲಿ ಕಷ್ಟ ಕೊಡುವುದು ಬಿಡಿ ಬಿಡಿ ತಂತಿ. ಪ್ರತಿ ತಂತಿಗೂ ಒಂದು ಪಿನ್‌ನ ಪುಟ್ಟ ಟೊಪ್ಪಿ, ಅದರ ಮೇಲೆ ಒಬ್ಬೊಬ್ಬರು ಒಂದೊಂದು ಥರ ಬರೆದಿರುತ್ತಾರೆ. 5 ವೋಲ್ಟ್‌ಗೆ ‘ವಿಸಿಸಿ’, ‘ಪವರ್’ ಅಥವಾ ‘ಪ್ಲಸ್ 5ವಿ’. ಡೇಟಾಗೆ ‘ಡಿ ಪ್ಲಸ್’, ‘ಡಿ ಮೈನಸ್’, ‘ಪಿ ಪ್ಲಸ್’, ‘ಪಿ ಮೈನಸ್’. ಎರಡು ಪೋರ್ಟ್ ಇದ್ದರೆ ಹೆಸರಿನ ಜೊತೆ 1, 2 ಅಂತಲೋ 0, 1 ಅಂತಲೋ ಅಂಕಿ ಸೇರಿರುತ್ತದೆ. ಒಂದು ಪೋರ್ಟ್‌ನ ನಾಲ್ಕೂ ತಂತಿ ಒಂದೇ ಸಾಲಿನಲ್ಲಿ ಬರಬೇಕು. ಮೊದಲ ಪೋರ್ಟ್‌ನ ಡೇಟಾ ಪ್ಲಸ್, ಎರಡನೇ ಪೋರ್ಟ್‌ನ ಡೇಟಾ ಮೈನಸ್ ಜೊತೆ ಒಂದೇ ಸಾಲಿಗೆ ಹೋದರೆ ಎರಡೂ ಪೋರ್ಟ್ ಕೆಲಸ ಮಾಡಲ್ಲ, ಲೈಟ್ ಮಾತ್ರ ಬರುತ್ತದೆ. ತಂತಿಯ ಬಣ್ಣವನ್ನು ಪೂರ್ತಿ ನಂಬಬೇಡಿ, ಅಗ್ಗದ ಕ್ಯಾಬಿನೆಟ್‌ಗಳಲ್ಲಿ ಸಿಕ್ಕ ಬಣ್ಣದ ತಂತಿ ಹಾಕಿರುವುದುಂಟು. ಟೊಪ್ಪಿ ಮೇಲಿನ ಬರಹ ನೋಡಿ, ಅದೂ ಅಳಿಸಿದ್ದರೆ ಮಲ್ಟಿಮೀಟರ್‌ನ ಬೀಪ್ ಮೋಡ್ ಇಟ್ಟು ಪೋರ್ಟ್‌ನ ಗೆರೆಯಿಂದ ತಂತಿ ತುದಿಯವರೆಗೆ ಒಂದೊಂದಾಗಿ ಪರೀಕ್ಷಿಸಿ. ತಂತಿಗಳನ್ನು ಬೋರ್ಡ್‌ನಿಂದ ಬಿಡಿಸಿಟ್ಟುಕೊಂಡೇ ಇದನ್ನು ಮಾಡಬೇಕು.

ಬಿಳಿ ಮತ್ತು ಹಸಿರು ಅದಲು ಬದಲಾದರೆ ಏನಾಗುತ್ತದೆ ಅನ್ನುವುದು ತಿಳಿದುಕೊಳ್ಳಬೇಕಾದ ವಿಷಯ, ಯಾಕೆಂದರೆ ಬಿಡಿ ತಂತಿಗಳಲ್ಲಿ ಸುಲಭವಾಗಿ ಆಗುವ ತಪ್ಪು ಇದು. ಯುಎಸ್‌ಬಿ ಉಪಕರಣ ತಾನು ಬಂದಿದ್ದೇನೆ ಅಂತ ಹೇಳುವುದು ಒಂದು 1.5 ಕಿಲೋ ಓಮ್ ರೆಸಿಸ್ಟರ್ ಮೂಲಕ. ಆ ರೆಸಿಸ್ಟರ್ ಡೇಟಾ ಪ್ಲಸ್ ತಂತಿಯ ವೋಲ್ಟೇಜನ್ನು ಮೇಲಕ್ಕೆ ಎಳೆದರೆ ಇದು ಸೆಕೆಂಡಿಗೆ 12 ಮೆಗಾಬಿಟ್‌ನ ಉಪಕರಣ ಅಂತ ಅರ್ಥ, ಡೇಟಾ ಮೈನಸ್ ಅನ್ನು ಎಳೆದರೆ 1.5 ಮೆಗಾಬಿಟ್‌ನದ್ದು ಅಂತ ಅರ್ಥ. ಪೆನ್‌ಡ್ರೈವ್‌ನಂಥ 480 ಮೆಗಾಬಿಟ್‌ನವು ಮೊದಲು 12ರದ್ದೆಂದು ಹೇಳಿಕೊಂಡು ಆಮೇಲೆ ವೇಗ ಹೆಚ್ಚಿಸಿಕೊಳ್ಳುತ್ತವೆ. ತಂತಿ ಅದಲು ಬದಲಾದಾಗ ಪೆನ್‌ಡ್ರೈವ್ ಬಂದರೂ ಕಂಪ್ಯೂಟರ್‌ಗೆ ನಿಧಾನದ ಮೌಸ್ ಬಂದ ಹಾಗೆ ಕಾಣುತ್ತದೆ. ಕಂಪ್ಯೂಟರ್ ನಿಧಾನದ ಭಾಷೆಯಲ್ಲಿ ಮಾತಾಡುತ್ತದೆ, ಪೆನ್‌ಡ್ರೈವ್ ಕಡೆಯಿಂದ ಉತ್ತರ ಬರುವುದಿಲ್ಲ, ‘ಗುರುತಿಸಲಿಲ್ಲ’ ಅಂತ ಸಂದೇಶ ಬರುತ್ತದೆ. ಒಳ್ಳೆಯ ವಿಷಯ ಏನಂದರೆ ಇದರಿಂದ ಏನೂ ಸುಡುವುದಿಲ್ಲ. ಎರಡು ತಂತಿ ಅದಲು ಬದಲು ಮಾಡಿದರೆ ಸರಿಹೋಗುತ್ತದೆ.

ಕೆಂಪು ಮತ್ತು ಕಪ್ಪು ಹಾಗಲ್ಲ. ಅವು ಅದಲು ಬದಲಾದರೆ ಪೋರ್ಟ್‌ಗೆ ಹಾಕಿದ ವಸ್ತು ಹಾಳಾಗಬಹುದು, ಬೋರ್ಡ್‌ಗೂ ಏಟು ಬೀಳಬಹುದು. ಆದ್ದರಿಂದ ಬಿಡಿ ತಂತಿ ಜೋಡಿಸಿದ ಮೇಲೆ ನಿಮ್ಮ ಬೆಲೆಬಾಳುವ ಹಾರ್ಡ್‌ಡಿಸ್ಕ್ ಹಾಕಿ ನೋಡಲು ಹೋಗಬೇಡಿ. ಮೊದಲು ಕಂಪ್ಯೂಟರ್ ಆನ್ ಮಾಡಿ, ಪೋರ್ಟ್‌ನ ಎರಡು ತುದಿಯ ಗೆರೆಗಳ ಮಧ್ಯೆ ಮಲ್ಟಿಮೀಟರ್‌ನಿಂದ ವೋಲ್ಟೇಜ್ ಅಳೆಯಿರಿ. 4.75ರಿಂದ 5.25ರ ಒಳಗೆ ಬಂದರೆ ಸರಿ. ಮುಂದೆ ಮೈನಸ್ ಗುರುತು ಬಂದರೆ ಮೀಟರ್‌ನ ಕೆಂಪು ಕಡ್ಡಿ ಕಪ್ಪಿನ ಮೇಲಿದೆಯಾ ಅಥವಾ ತಂತಿಯೇ ಉಲ್ಟಾ ಇದೆಯಾ ನೋಡಿಕೊಳ್ಳಿ. ಗೆರೆಗಳು ತೀರಾ ಹತ್ತಿರ ಇರುವುದರಿಂದ ಮೀಟರ್ ಕಡ್ಡಿ ಜಾರಿ ಶಾರ್ಟ್ ಆಗುವ ಭಯ ಇದ್ದರೆ, ಪೋರ್ಟ್‌ಗೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರ್‌ಗಳು ಸಿಗುತ್ತವೆ, ಅವು ನಿಜಕ್ಕೂ ಒಳ್ಳೆಯವು. ಅದೂ ಇಲ್ಲದಿದ್ದರೆ ಹೋದರೂ ಬೇಜಾರಿಲ್ಲದ ಹಳೇ ಮೌಸ್ ಒಂದನ್ನು ಮೊದಲು ಹಾಕಿ.

ನೋಡಲು ಒಂದೇ ಥರ ಇರುವ ಹೆಡರ್‌ಗಳು

ಇಲ್ಲಿ ದಯವಿಟ್ಟು ಸ್ವಲ್ಪ ನಿಧಾನಿಸಿ. ಹಳೆ ಬೋರ್ಡ್‌ಗಳಲ್ಲಿ ಯುಎಸ್‌ಬಿ ಹೆಡರ್‌ನ ಹಾಗೇ ಕಾಣುವ ಇನ್ನೂ ಕೆಲವು ಹೆಡರ್‌ಗಳಿವೆ. ಮುಂದಿನ ಹೆಡ್‌ಫೋನ್, ಮೈಕ್‌ಗೆ ಹೋಗುವ ಆಡಿಯೋ ಹೆಡರ್‌ನಲ್ಲಿ 8ನೇ ಪಿನ್ ಇರುವುದಿಲ್ಲ, ಅಂದರೆ ಖಾಲಿ ಜಾಗ ಮೂಲೆಯಲ್ಲಿಲ್ಲ, ಒಂದು ಪಿನ್ ಒಳಗಿದೆ. ಸೀರಿಯಲ್ ಪೋರ್ಟ್‌ನ ಹೆಡರ್‌ನಲ್ಲಿ 10ನೆಯದು ಇರುವುದಿಲ್ಲ. ಇವೆರಡನ್ನೂ ಗಮನವಿಟ್ಟು ನೋಡಿದರೆ ಬೇರೆ ಮಾಡಬಹುದು.

ಅಪಾಯ ಇರುವುದು ಫೈರ್‌ವೈರ್‌ನಲ್ಲಿ, ಅಂದರೆ ‘1394’ ಅಂತ ಬರೆದಿರುವ ಹೆಡರ್‌ನಲ್ಲಿ. ವಿಡಿಯೋ ಕ್ಯಾಮೆರಾ ಜೋಡಿಸಲು ಆಗ ಅದನ್ನು ಕೊಡುತ್ತಿದ್ದರು. ಅದರಲ್ಲೂ ಇಲ್ಲದಿರುವುದು ಅದೇ 9ನೇ ಪಿನ್. ಪಿನ್‌ಗಳ ಅಂತರವೂ ಅಷ್ಟೇ, 2.54 ಮಿಲಿಮೀಟರ್. ಯುಎಸ್‌ಬಿ ಕನೆಕ್ಟರ್ ಅಲ್ಲಿ ಆರಾಮಾಗಿ ಕೂರುತ್ತದೆ. ಆದರೆ ಯುಎಸ್‌ಬಿಯಲ್ಲಿ ಗ್ರೌಂಡ್ ಇರುವ 7 ಮತ್ತು 8ನೇ ಪಿನ್‌ಗಳಲ್ಲಿ ಅಲ್ಲಿ 12 ವೋಲ್ಟ್ ಇರುತ್ತದೆ. ಅದರ ಮೇಲೆ ಮುಂದೆ ಪೆನ್‌ಡ್ರೈವ್ ಸಿಕ್ಕಿಸಿದರೆ ಪೆನ್‌ಡ್ರೈವ್ ಹೋಯಿತು, ಅದರ ಜೊತೆಗೆ ಬೋರ್ಡ್ ಕೂಡ ಹೋಗಬಹುದು. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಒಂದೊಂದು ಕಂಪನಿಯದು ಒಂದೊಂದು ಬಣ್ಣ. ಬೋರ್ಡ್ ಮೇಲಿನ ಅಕ್ಷರ ಓದಿ. ಮಾಡೆಲ್ ನಂಬರ್ ಬೋರ್ಡ್ ಮೇಲೆಯೇ ದೊಡ್ಡದಾಗಿ ಇರುತ್ತದೆ, ಅದರ ಮ್ಯಾನ್ಯುಯಲ್ ಇಳಿಸಿಕೊಂಡು ಚಿತ್ರದ ಜೊತೆ ಹೋಲಿಸಿ. ಎರಡು ನಿಮಿಷದ ಈ ಕೆಲಸಕ್ಕೆ ಸೋಮಾರಿತನ ಬೇಡ.

ತುಂಬಾ ಹಳೆಯ ಬೋರ್ಡ್ ಆದರೆ ಮ್ಯಾನ್ಯುಯಲ್ ಇನ್ನೂ ಮುಖ್ಯ. ಯುಎಸ್‌ಬಿ ಬಂದದ್ದು 1996ರಲ್ಲಿ, ಸುಧಾರಿಸಿದ 1.1 ಬಂದದ್ದು 1998ರಲ್ಲಿ, 2.0 ಬಂದದ್ದು 2000ದಲ್ಲಿ. ಆ ಮೊದಲ ವರ್ಷಗಳಲ್ಲಿ ಹೆಡರ್‌ನ ಪಿನ್ ಕ್ರಮ ಹೀಗೇ ಇರಬೇಕು ಅಂತ ಎಲ್ಲರೂ ಒಪ್ಪಿದ ನಿಯಮ ಇರಲಿಲ್ಲ. ಆಮೇಲೆ ಇಂಟೆಲ್‌ನ ವಿನ್ಯಾಸ ಸೂಚಿಯಲ್ಲಿದ್ದ ಕ್ರಮವನ್ನೇ ಉಳಿದವರೂ ಬಳಸತೊಡಗಿದರು. ಅದಕ್ಕೂ ಹಿಂದಿನ ಕೆಲವು ಬೋರ್ಡ್‌ಗಳಲ್ಲಿ ಎರಡನೇ ಸಾಲು ಉಲ್ಟಾ ಇರುತ್ತದೆ, ಅಂದರೆ ಒಂದು ಸಾಲಿನ ಕೆಂಪಿನ ಎದುರು ಇನ್ನೊಂದು ಸಾಲಿನ ಕಪ್ಪು. ಇಂಥ ಬೋರ್ಡ್‌ಗೆ ಈಗಿನ ಒಂಬತ್ತು ತೂತಿನ ಕನೆಕ್ಟರ್ ಹಾಕಿದರೆ ಒಂದು ಪೋರ್ಟ್ ಕೆಲಸ ಮಾಡುತ್ತದೆ, ಇನ್ನೊಂದಕ್ಕೆ ಕರೆಂಟ್ ಉಲ್ಟಾ ಹೋಗುತ್ತದೆ. ಇಲ್ಲಿ ಮಾತ್ರ ಬಿಡಿ ತಂತಿಯೇ ವಾಸಿ.

ಜಂಪರ್, ಫ್ಯೂಸ್, ಕೇಬಲ್

ತಂತಿ ಎಲ್ಲ ಸರಿ ಇದೆ, ಆದರೂ ಲೈಟ್ ಬರುತ್ತಿಲ್ಲವೇ? ಹೆಡರ್ ಸುತ್ತಮುತ್ತ ಮೂರು ಪಿನ್‌ನ ಒಂದು ಜಂಪರ್ ಇದೆಯಾ ನೋಡಿ, ‘ಯುಎಸ್‌ಬಿ ಪವರ್’ ಅನ್ನುವ ಅರ್ಥದ ಹೆಸರು ಇರುತ್ತದೆ. ಎರಡು ಪಿನ್ ಮೇಲೆ ಪುಟ್ಟ ಪ್ಲಾಸ್ಟಿಕ್ ಟೊಪ್ಪಿ ಕೂತಿರಬೇಕು. ಒಂದು ಕಡೆ ಕೂತರೆ ಹೆಡರ್‌ಗೆ ಮಾಮೂಲಿ 5 ವೋಲ್ಟ್, ಇನ್ನೊಂದು ಕಡೆ ಕೂತರೆ ಸ್ಟ್ಯಾಂಡ್‌ಬೈ 5 ವೋಲ್ಟ್. ಟೊಪ್ಪಿ ಬಿದ್ದುಹೋಗಿದ್ದರೆ ಎರಡೂ ಇಲ್ಲ. ಅಷ್ಟು ಸಣ್ಣ ವಸ್ತು ಕಳೆದುಹೋಗಿ ಎರಡು ಪೋರ್ಟ್ ಸುಮ್ನೆ ಕೂತಿರುವುದು ನಿಜಕ್ಕೂ ಬೇಸರದ ವಿಷಯ. ಹಳೆಯ ಹಾರ್ಡ್‌ಡಿಸ್ಕ್ ಹಿಂದಿನ ಜಂಪರ್ ಅಳತೆ ಹೊಂದಿದರೆ ಅದನ್ನೇ ಹಾಕಬಹುದು.

ಹೆಡರ್ ಹತ್ತಿರವೇ ಚಪ್ಪಟೆಯಾದ ಸಣ್ಣ ಫ್ಯೂಸ್ ಕೂಡ ಇರುತ್ತದೆ. ಇವು ಹೆಚ್ಚಾಗಿ ತಾವಾಗಿಯೇ ಸರಿಹೋಗುವ ಪಾಲಿ ಫ್ಯೂಸ್‌ಗಳು. ಕರೆಂಟ್ ಜಾಸ್ತಿಯಾದರೆ ಬಿಸಿಯಾಗಿ ದಾರಿ ಮುಚ್ಚುತ್ತವೆ, ತಣ್ಣಗಾದ ಮೇಲೆ ಮತ್ತೆ ತೆರೆಯುತ್ತವೆ. ಮುಂದೆ ಏನಾದರೂ ಶಾರ್ಟ್ ಆಗಿ ಪೋರ್ಟ್ ನಿಂತಿದ್ದರೆ, ಶಾರ್ಟ್ ತೆಗೆದು, ಪ್ಲಗ್ ಬಿಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ನೋಡಿ. ಹಾಗೂ ಬರದಿದ್ದರೆ ಪ್ಲಗ್ ತೆಗೆದೇ ಫ್ಯೂಸ್‌ನ ಎರಡು ತುದಿಗೆ ಮೀಟರ್ ಇಟ್ಟು ಅಳೆಯಿರಿ. ಸೊನ್ನೆಗೆ ಹತ್ತಿರ ಬರಬೇಕು. ದಾರಿಯೇ ಇಲ್ಲ ಅಂತ ತೋರಿಸಿದರೆ ಬದಲಿಸಬೇಕು, ಅದು ಬೆಸುಗೆ ಚೆನ್ನಾಗಿ ಗೊತ್ತಿರುವವರ ಕೆಲಸ. ಫ್ಯೂಸ್ ಜಾಗಕ್ಕೆ ತಂತಿ ಬೆಸೆದು ಮುಗಿಸುವುದು ಮಾತ್ರ ಬೇಡವೇ ಬೇಡ. ಮುಂದಿನ ಶಾರ್ಟ್‌ಗೆ ಆಗ ಬೋರ್ಡೇ ಫ್ಯೂಸ್ ಆಗುತ್ತದೆ.

ಈಗ ಮೌಸ್ ಕೆಲಸ ಮಾಡಿ ಪೆನ್‌ಡ್ರೈವ್ ಕೈಕೊಡುವ ವಿಚಾರಕ್ಕೆ ಬರೋಣ. ನಿಧಾನದ ಮೌಸ್‌ಗೆ 1.5 ಮೆಗಾಬಿಟ್ ಸಾಕು, ಆ ವೇಗಕ್ಕೆ ಎಂಥ ತಂತಿಯೂ ನಡೆಯುತ್ತದೆ. ಪೆನ್‌ಡ್ರೈವ್ 480ಕ್ಕೆ ಏರುತ್ತದೆ. ಆ ವೇಗದಲ್ಲಿ ಬಿಳಿ, ಹಸಿರು ತಂತಿಗಳು ಒಂದಕ್ಕೊಂದು ಹೆಣೆದುಕೊಂಡು ಹೋಗಬೇಕು, ಸುತ್ತ ಲೋಹದ ಹೊದಿಕೆ ಇರಬೇಕು. ಅಗ್ಗದ ಕ್ಯಾಬಿನೆಟ್ ಕೇಬಲ್‌ನಲ್ಲಿ ಇವೆರಡೂ ಇರುವುದಿಲ್ಲ. ಬಿಡಿ ತಂತಿಗಳನ್ನು ಉದ್ದಕ್ಕೆ ಬಿಡಿಸಿಟ್ಟಿದ್ದರೆ ತೊಂದರೆ ಇನ್ನೂ ಜಾಸ್ತಿ. ಕೇಬಲ್ ಪವರ್ ಸಪ್ಲೈ ತಂತಿಗಳ ಜೊತೆ ಸುತ್ತಿಕೊಂಡಿದ್ದರೆ ಬೇರೆ ಮಾಡಿ, ಬಿಡಿಸಿದ ಭಾಗ ಆದಷ್ಟು ಚಿಕ್ಕದಿರಲಿ, ಬಿಳಿ ಹಸಿರು ಎರಡನ್ನೂ ಒಟ್ಟಿಗೆ ಹೆಣೆದಿಡಿ.

ಇದು ಕೇಬಲ್‌ನದ್ದೇ ತೊಂದರೆ ಅಂತ ಖಚಿತ ಮಾಡಿಕೊಳ್ಳಲು ಒಂದು ಒಳ್ಳೆಯ ಉಪಾಯ ಇದೆ. ಡಿವೈಸ್ ಮ್ಯಾನೇಜರ್‌ನಲ್ಲಿ ‘ಎನ್‌ಹ್ಯಾನ್ಸ್ಡ್ ಹೋಸ್ಟ್ ಕಂಟ್ರೋಲರ್’ ಜೊತೆಗೆ ‘ಯೂನಿವರ್ಸಲ್’ ಅಥವಾ ‘ಓಪನ್’ ಹೋಸ್ಟ್ ಕಂಟ್ರೋಲರ್‌ಗಳೂ ಪಟ್ಟಿಯಲ್ಲಿದ್ದರೆ, ಎನ್‌ಹ್ಯಾನ್ಸ್ಡ್ ಅನ್ನುವುದನ್ನು ಮಾತ್ರ ಡಿಸೇಬಲ್ ಮಾಡಿ. ಆಗ ಆ ಪೋರ್ಟ್‌ಗಳು 12 ಮೆಗಾಬಿಟ್‌ಗೆ ಇಳಿಯುತ್ತವೆ. ಈಗ ಪೆನ್‌ಡ್ರೈವ್ ನಿಧಾನವಾಗಿಯಾದರೂ ಗಟ್ಟಿಯಾಗಿ ಕೆಲಸ ಮಾಡಿತು ಅಂದರೆ ಕೇಬಲ್ ಕೆಟ್ಟದ್ದು ಅಂತಲೇ ಅರ್ಥ. ನೋಡಿ ಆದ ಮೇಲೆ ಮತ್ತೆ ಎನೇಬಲ್ ಮಾಡಲು ಮರೆಯಬೇಡಿ. ಪಟ್ಟಿಯಲ್ಲಿ ಆ ಇನ್ನೊಂದು ಬಗೆಯವು ಇಲ್ಲದಿದ್ದರೆ ಈ ಪ್ರಯೋಗ ಬಿಟ್ಟುಬಿಡಿ, ಯುಎಸ್‌ಬಿ ಪೂರ್ತಿ ನಿಂತುಹೋಗುತ್ತದೆ.

ಕರೆಂಟ್ ಸಾಲದೇ ಹೋಗುವುದು ಇನ್ನೊಂದು ಕಾರಣ. ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದ್ದು 500 ಮಿಲಿ ಆಂಪಿಯರ್, 3.0 ಆದರೆ 900. ಹೊರಗಿನ ಹಾರ್ಡ್‌ಡಿಸ್ಕ್ ತಿರುಗಲು ಶುರುವಾಗುವಾಗ ತುಂಬಾ ಎಳೆಯುತ್ತದೆ. ಸಣ್ಣ ತಂತಿ, ತುಕ್ಕು ಹಿಡಿದ ಪಿನ್, ಇವುಗಳಲ್ಲಿ ವೋಲ್ಟೇಜ್ ಇಳಿಯುತ್ತದೆ. ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಅದನ್ನು ಮುಂದಿನ ಪೋರ್ಟ್‌ನಿಂದ ತಕ್ಷಣ ತೆಗೆಯಿರಿ, ಅದರಲ್ಲಿರುವ ಡೇಟಾ ಈ ಪೋರ್ಟ್‌ಗಿಂತ ಮುಖ್ಯ.

ಅಲ್ಲಾಡಿಸಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ ಅನ್ನುವ ಪೋರ್ಟ್‌ನಲ್ಲಿ ಮುಂಭಾಗದ ಆ ಸಣ್ಣ ಬೋರ್ಡ್‌ನ ಬೆಸುಗೆ ಬಿರುಕು ಬಿಟ್ಟಿರುತ್ತದೆ. ಪೆನ್‌ಡ್ರೈವ್ ಹಾಕಿ ತೆಗೆದು ಹಾಕಿ ತೆಗೆದು ಹಾಗಾಗುತ್ತದೆ. ಬಿಚ್ಚಿ ಹೊರತೆಗೆದು ಹಿಂಬದಿಯ ಬೆಸುಗೆ ಚುಕ್ಕೆಗಳ ಸುತ್ತ ಕೂದಲೆಳೆಯ ಉಂಗುರ ಕಾಣುತ್ತದಾ ನೋಡಿ. ಅಲ್ಲಿ ಬೆಸುಗೆ ಕಡ್ಡಿ ಮುಟ್ಟಿಸಿ ಸ್ವಲ್ಪ ಸೀಸ ಸೇರಿಸಿದರೆ ಸರಿಹೋಗುತ್ತದೆ.

ಕ್ಯಾಬಿನೆಟ್ ಹೊಸದು, ಬೋರ್ಡ್ ಹಳೆಯದು

ಕ್ಯಾಬಿನೆಟ್ ಬದಲಿಸಿದವರಿಗೆ ಎದುರಾಗುವುದು ಬೇರೆ ಸಮಸ್ಯೆ. ಮುಂದೆ ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟ್, ಅದರ ಕೇಬಲ್‌ಗೆ 19 ತೂತಿನ ದಪ್ಪ ಕನೆಕ್ಟರ್. 3.0 ಬಂದದ್ದೇ 2008ರ ಕೊನೆಯಲ್ಲಿ, ಹಾಗಾಗಿ ಅದಕ್ಕೂ ಹಿಂದಿನ ಬೋರ್ಡ್‌ನಲ್ಲಿ ಆ ಹೆಡರ್ ಇರಲು ಸಾಧ್ಯವೇ ಇಲ್ಲ. 19ರಿಂದ 9ಕ್ಕೆ ಇಳಿಸುವ ಅಡಾಪ್ಟರ್ ಸಿಗುತ್ತದೆ. ಹಾಕಿದರೆ ಪೋರ್ಟ್ ಕೆಲಸ ಮಾಡುತ್ತದೆ, ವೇಗ ಮಾತ್ರ 2.0ದ್ದೇ. ಕೀಬೋರ್ಡ್, ಪೆನ್‌ಡ್ರೈವ್, ಪ್ರಿಂಟರ್‌ಗೆ ಇಷ್ಟು ಸಾಕು.

ವೇಗವೂ ಬೇಕು ಅಂದರೆ ಒಳಗೆ 19 ಪಿನ್ ಹೆಡರ್ ಇರುವ, ಮದರ್‌ಬೋರ್ಡ್‌ನ ಸ್ಲಾಟ್‌ಗೆ ಕೂರುವ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಬೇಕು. ಅದಕ್ಕೆ ಸಾಟಾ ಅಥವಾ ದೊಡ್ಡ ನಾಲ್ಕು ಪಿನ್‌ನ ಪವರ್ ಕನೆಕ್ಟರ್ ಕೊಡುವ ಜಾಗ ಇದ್ದರೆ ಕೊಡಿ, ಬಿಡಬೇಡಿ. ಮೊದಲ ತಲೆಮಾರಿನ ಪಿಸಿಐ ಎಕ್ಸ್‌ಪ್ರೆಸ್‌ನ ಚಿಕ್ಕ ಸ್ಲಾಟ್ ಸೆಕೆಂಡಿಗೆ 250 ಮೆಗಾಬೈಟ್ ಅಷ್ಟೇ ಸಾಗಿಸುವುದರಿಂದ 3.0ದ ಪೂರ್ತಿ ವೇಗ ಸಿಗಲ್ಲ, ಆದರೂ 2.0ಗಿಂತ ಎಷ್ಟೋ ಪಾಲು ಮೇಲು. ವಿಂಡೋಸ್ 7ರಲ್ಲಿ 3.0 ಡ್ರೈವರ್ ಮೊದಲೇ ಇರುವುದಿಲ್ಲ, ಕಾರ್ಡ್ ಜೊತೆ ಬಂದದ್ದನ್ನು ಹಾಕಿಕೊಳ್ಳಬೇಕು. ವಿಂಡೋಸ್ 8ರಿಂದ ಆ ಚಿಂತೆ ಇಲ್ಲ. ಆ 19 ಪಿನ್ ಕನೆಕ್ಟರ್ ತೆಗೆಯುವಾಗ ಮಾತ್ರ ಹುಷಾರು, ಬಿಗಿಯಾಗಿ ಕೂತಿರುತ್ತದೆ, ಓರೆಯಾಗಿ ಎಳೆದರೆ ಹೆಡರ್‌ನ ಪ್ಲಾಸ್ಟಿಕ್ ಗೋಡೆಯೇ ಕಿತ್ತು ಬಂದು ಪಿನ್‌ಗಳು ಬಾಗುತ್ತವೆ.

ಮುಂದೆ ನಾಲ್ಕು ಪೋರ್ಟ್ ಇದೆ, ಬೋರ್ಡ್‌ನಲ್ಲಿ ಒಂದೇ ಹೆಡರ್ ಇದೆ ಅಂದರೆ, ಒಂದನ್ನು ಎರಡು ಮಾಡುವ ಬರಿಯ ತಂತಿಯ ಸ್ಪ್ಲಿಟರ್ ಕೊಳ್ಳಬೇಡಿ. ಒಂದೇ ಡೇಟಾ ತಂತಿಗೆ ಎರಡು ಉಪಕರಣ ಒಟ್ಟಿಗೆ ಸೇರಿದರೆ ಎರಡೂ ಓಡುವುದಿಲ್ಲ. ಮಧ್ಯೆ ಹಬ್ ಚಿಪ್ (ಒಂದು ಪೋರ್ಟನ್ನು ಹಲವಕ್ಕೆ ಹಂಚುವ ಚಿಪ್) ಇರುವ ಸಣ್ಣ ಬೋರ್ಡ್ ಬೇಕು. ಮುಂದೆ ಕಾರ್ಡ್ ರೀಡರ್ ಇದ್ದು ಅದನ್ನು ಯಾರೂ ಬಳಸುತ್ತಿಲ್ಲವಾದರೆ, ಅದು ಹಿಡಿದುಕೊಂಡಿರುವ ಹೆಡರ್ ಅನ್ನು ಬಿಡಿಸಿ ಪೋರ್ಟ್‌ಗೆ ಕೊಡಬಹುದು.

ಮುಂದಿನ ಬೋರ್ಡ್ ಪೂರ್ತಿ ಹಾಳಾಗಿದ್ದರೆ, ಫ್ಲಾಪಿ ಡ್ರೈವ್ ಇರುತ್ತಿದ್ದ 3.5 ಇಂಚಿನ ಜಾಗಕ್ಕೆ ಕೂರುವ ಯುಎಸ್‌ಬಿ ಪ್ಯಾನೆಲ್‌ಗಳು ಸಿಗುತ್ತವೆ, ಕೇಬಲ್ ಸಮೇತ. ಅದೂ ಬೇಡ ಅಂದರೆ ಹಿಂದಿನ ಪೋರ್ಟ್‌ನಿಂದ ಒಂದು ಎಕ್ಸ್‌ಟೆನ್ಶನ್ ಕೇಬಲ್ ತಂದು ಟೇಬಲ್ ಅಂಚಿಗೆ ಕಟ್ಟಿ. 2.0ರಲ್ಲಿ ಕೇಬಲ್‌ನ ಒಟ್ಟು ಉದ್ದ 5 ಮೀಟರ್ ದಾಟಬಾರದು, ಮತ್ತು ಅದರ ತುದಿಗೆ ಹಾರ್ಡ್‌ಡಿಸ್ಕ್ ಹಾಕುವುದಿದ್ದರೆ ಒಂದು ಮೀಟರ್‌ನ ದಪ್ಪ ಕೇಬಲನ್ನೇ ತೆಗೆದುಕೊಳ್ಳಿ.